ಇಂದಿನ ಧಮ್ಮ ಚಿಂತನ: ತಾಯಿ ರಮಾಯಿ ನಮಗೆ ಏನಾಗಬೇಕು?





ಇಂದು ಮೇ 27. 1935ರ ಇದೇ ದಿನ ಮುಂಬಯಿಯ ದಾದರಿನಲ್ಲಿರುವ ರಾಜಗೃಹದಲ್ಲಿ ತಾಯಿ ರಮಾಬಾಯಿ ಕಣ್ಣು ಮುಚ್ಚಿದರು. ಆಗ ಅವರಿಗೆ ಬರೀ 37 ವರ್ಷ.

ಕಳೆದ ಭಾನುವಾರ ವಂದನೆ ಮುಗಿದ ಮೇಲೆ ನಮ್ಮ ಬಳಗದ ಒಬ್ಬ ಹುಡುಗಿ ಒಂದು ಪ್ರಶ್ನೆ ಕೇಳಿದಳು. ಬಾಬಾಸಾಹೇಬರು ದೀಕ್ಷೆ ತೆಗೆದುಕೊಂಡದ್ದು 1956ರಲ್ಲಿ. ರಮಾಯಿ ಅದಕ್ಕೆ 21 ವರ್ಷ ಮೊದಲೇ ಹೋದರು. ಅವರು ತ್ರಿಶರಣ ಹೇಳಲಿಲ್ಲ, ಪಂಚಶೀಲ ಸ್ವೀಕರಿಸಲಿಲ್ಲ, ಉಪವಾಸ ಹಿಡಿಯುತ್ತಿದ್ದರು, ಪಂಢರಪುರಕ್ಕೆ ಹೋಗಬೇಕೆಂದು ಆಸೆ ಪಟ್ಟಿದ್ದರು. ಹಾಗಿದ್ದಮೇಲೆ ನಾವು ಬೌದ್ಧರು ಅವರ ಫೋಟೋ ಇಟ್ಟು ದೀಪ ಹಚ್ಚುವುದು ಯಾಕೆ, ಅವರು ಬಾಬಾಸಾಹೇಬರ ಹೆಂಡತಿ ಅನ್ನುವುದಕ್ಕಷ್ಟೇ ಏನು ಎಂದು ಕೇಳಿದಳು.

ಕೆಲವರಿಗೆ ಸಿಟ್ಟು ಬಂತು. ನನಗೆ ಸಿಟ್ಟು ಬರಲಿಲ್ಲ, ಆದರೆ ಉತ್ತರವೂ ಬರಲಿಲ್ಲ. ಆಕೆ ಕೇಳಿದ್ದು ನ್ಯಾಯವಾದ ಪ್ರಶ್ನೆ. ಪ್ರಶ್ನೆ ಕೇಳಬಾರದು ಅನ್ನುವುದು ನಮ್ಮ ಧಮ್ಮದಲ್ಲಿಲ್ಲ. ಹಾಗಾಗಿ ಈ ಮೂರು ದಿನ ರಮಾಯಿಯ ಬದುಕನ್ನು ಮೊದಲಿನಿಂದ ನೆನಪು ಮಾಡಿಕೊಂಡೆ. ನನಗೆ ತಿಳಿದಷ್ಟನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

*ಮೀನಿನ ಬುಟ್ಟಿ ಹೊರುವವನ ಮಗಳು*

ಕೊಂಕಣದ ರತ್ನಾಗಿರಿ ಜಿಲ್ಲೆಯಲ್ಲಿ ದಾಪೋಲಿಯ ಹತ್ತಿರ ವಣಂದ ಎಂಬ ಸಣ್ಣ ಹಳ್ಳಿ. ಅಲ್ಲಿಯ ಬಡ ಮಹಾರ ಕುಟುಂಬದಲ್ಲಿ 1898ರ ಫೆಬ್ರವರಿ 7ರಂದು ರಮಾ ಹುಟ್ಟಿದರು. ತಂದೆ ಭಿಕು ಧೋತ್ರೆ, ತಾಯಿ ರುಕ್ಮಿಣಿ. ದಾಭೋಳ ಬಂದರಿನಲ್ಲಿ ದೋಣಿಯಿಂದ ಇಳಿದ ಮೀನನ್ನು ಬುಟ್ಟಿಯಲ್ಲಿ ಹೊತ್ತು ಪೇಟೆಗೆ ಮುಟ್ಟಿಸುವುದು ತಂದೆಯ ಕೆಲಸ. ಹೊತ್ತ ದಿನ ಊಟ, ಹೊರದ ದಿನ ಇಲ್ಲ.

ರಮಾ ಇನ್ನೂ ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡರು. ಸ್ವಲ್ಪ ಕಾಲದಲ್ಲೇ ತಂದೆಯೂ ಹೋದರು. ಉಳಿದ ಸಣ್ಣ ಮಕ್ಕಳನ್ನು ಸಂಬಂಧಿಕರು ಮುಂಬಯಿಗೆ ಕರೆದುಕೊಂಡು ಬಂದು ಬೈಕಲಾ ಮಾರ್ಕೆಟ್ಟಿನ ಹತ್ತಿರದ ತಮ್ಮ ಮನೆಯಲ್ಲಿ ಇಟ್ಟುಕೊಂಡರು. ಆಟ ಆಡುವ ವಯಸ್ಸಿನಲ್ಲೇ ಆ ಹುಡುಗಿಗೆ ಎರಡು ಸಾವು ಗೊತ್ತಾಗಿದ್ದವು. ಬೇರೆಯವರ ಮನೆಯ ಅನ್ನ ಹೇಗಿರುತ್ತದೆ ಎಂಬುದೂ ಗೊತ್ತಾಗಿತ್ತು.

ಸುಭೇದಾರ ರಾಮಜಿ ಸಕ್ಪಾಳರು ತಮ್ಮ ಮಗ ಭೀಮನಿಗೆ ಹೆಣ್ಣು ಹುಡುಕುತ್ತ ಈ ಅನಾಥ ಹುಡುಗಿಯನ್ನು ಕಂಡು ಒಪ್ಪಿದರು. 1906ರಲ್ಲಿ ಮದುವೆಯಾಯಿತು. ಹುಡುಗನಿಗೆ 15, ಹುಡುಗಿಗೆ ಎಂಟು ಒಂಬತ್ತು. ಮದುವೆ ನಡೆದದ್ದು ಬೈಕಲಾದ ಮೀನು ಮಾರ್ಕೆಟ್ಟಿನಲ್ಲಿ. ನಮ್ಮ ಜನರಿಗೆ ಆಗ ಯಾವ ಛತ್ರ ಸಿಗಬೇಕು? ರಾತ್ರಿ ವ್ಯಾಪಾರ ಮುಗಿದು ಅಂಗಡಿಯವರು ಎದ್ದು ಹೋದ ಮೇಲೆ ಒಂದು ಮೂಲೆಯಲ್ಲಿ ಗಂಡಿನ ಕಡೆಯವರು, ಇನ್ನೊಂದು ಮೂಲೆಯಲ್ಲಿ ಹೆಣ್ಣಿನ ಕಡೆಯವರು ಕುಳಿತರು. ಮೀನು ಇಡುವ ಕಲ್ಲಿನ ಕಟ್ಟೆಗಳೇ ಕೂರುವ ಜಾಗ. ಕಾಲ ಕೆಳಗೆ ಚರಂಡಿಯ ನೀರು ಹರಿಯುತ್ತಿತ್ತು. ಬೆಳಕು ಹರಿದು ಮಾರ್ಕೆಟ್ಟು ತೆರೆಯುವ ಹೊತ್ತಿಗೆ ಮದುವೆ ಮುಗಿಸಿ ಎಲ್ಲರೂ ಜಾಗ ಬಿಟ್ಟುಕೊಟ್ಟಿದ್ದರು.

ಮೀನಿನ ಬುಟ್ಟಿ ಹೊತ್ತವನ ಮಗಳು ಮೀನು ಮಾರ್ಕೆಟ್ಟಿನಲ್ಲೇ ಮದುವೆಯಾಗಿ, ಮುಂದೆ ಈ ದೇಶದ ಸಂವಿಧಾನ ಬರೆಯಲಿದ್ದವನ ಮನೆಗೆ ಬಂದಳು.

*ಏಳು ವರ್ಷದ ಒಂಟಿ ಸಂಸಾರ*

1912ರ ಡಿಸೆಂಬರ್‌ನಲ್ಲಿ ಮೊದಲ ಮಗ ಯಶವಂತ ಹುಟ್ಟಿದ. ಎರಡು ತಿಂಗಳೂ ತುಂಬಿರಲಿಲ್ಲ, 1913ರ ಫೆಬ್ರವರಿ 2ರಂದು ಮನೆಗೆ ಆಧಾರವಾಗಿದ್ದ ಮಾವ ರಾಮಜಿಯವರು ತೀರಿಕೊಂಡರು. ಅದೇ ವರ್ಷ ಬಡೋದೆ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ಬಾಬಾಸಾಹೇಬರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೊರಟರು.

ಆರೇಳು ತಿಂಗಳ ಅಂತರದಲ್ಲಿ ಇಷ್ಟೆಲ್ಲ ಆಯಿತು. ತೊಟ್ಟಿಲಲ್ಲಿ ಕೂಸು, ಹಿರಿಯರು ಇಲ್ಲ, ಗಂಡ ಸಮುದ್ರದ ಆಚೆ. ರಮಾಯಿಗೆ ಆಗ 15 ವರ್ಷ. ಇವತ್ತಿನ ಲೆಕ್ಕದಲ್ಲಿ ಹತ್ತನೇ ತರಗತಿಯ ಹುಡುಗಿ.

ಬಾಬಾಸಾಹೇಬರು ತಿರುಗಿ ಬಂದದ್ದು 1917ರ ಆಗಸ್ಟ್‌ನಲ್ಲಿ. ಬಡೋದೆಯ ನೌಕರಿ ಅವಮಾನದಲ್ಲಿ ಮುಗಿಯಿತು. 1918ರಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು, ತಿಂಗಳಿಗೆ 450 ರೂಪಾಯಿ ಸಂಬಳ. ಇನ್ನಾದರೂ ಮನೆ ಸುಖ ಕಾಣುತ್ತದೆ ಎಂದು ಯಾರಾದರೂ ಅಂದುಕೊಳ್ಳಬೇಕು. ಆದರೆ ಅರ್ಧಕ್ಕೆ ನಿಂತಿದ್ದ ಲಂಡನ್ನಿನ ಓದನ್ನು ಮುಗಿಸಲೇಬೇಕು ಎಂದು ಅವರು ಆ ಸಂಬಳದಲ್ಲೇ ಹಣ ಕೂಡಿಡತೊಡಗಿದರು. ಉಳಿದದ್ದರಲ್ಲಿ ರಮಾಯಿ ಸಂಸಾರ ತೂಗಿಸಿದರು. 1920ರ ಜುಲೈನಲ್ಲಿ ಅವರು ಮತ್ತೆ ಹೊರಟರು. ಬ್ಯಾರಿಸ್ಟರ್ ಆಗಿ ಬಂದದ್ದು 1923ರ ಏಪ್ರಿಲ್‌ನಲ್ಲಿ.

ಎರಡೂ ಸಲದ್ದು ಕೂಡಿಸಿದರೆ ಹೆಚ್ಚು ಕಡಿಮೆ ಏಳು ವರ್ಷ. ನಾವು ಭಾಷಣದಲ್ಲಿ ಬಾಬಾಸಾಹೇಬರ ಪದವಿಗಳನ್ನು ಒಂದೊಂದಾಗಿ ಎಣಿಸುತ್ತೇವೆ. ಆ ಪದವಿಗಳ ಇನ್ನೊಂದು ಮಗ್ಗುಲಲ್ಲಿ ಪರೇಲಿನ ಇಂಪ್ರೂವ್‌ಮೆಂಟ್ ಟ್ರಸ್ಟ್ ಚಾಳಿನ ಎರಡು ಖೋಲಿಗಳಿವೆ. ಗಿರಣಿ ಕಾರ್ಮಿಕರ ಓಣಿ ಅದು. ಮುಂದೆ ಭಾವನ ಸಂಸಾರದ ಭಾರವೂ ಅದೇ ಖೋಲಿಗಳ ಮೇಲೆ ಬಿತ್ತು. ಬಾಬಾಸಾಹೇಬರ ಅಣ್ಣ ಆನಂದರಾವ್ ತೀರಿಕೊಂಡ ಮೇಲೆ ಅವರ ಹೆಂಡತಿ ಲಕ್ಷ್ಮೀಬಾಯಿ, ಮಗ ಮುಕುಂದ ಇವರ ಜೊತೆಗೇ ಇದ್ದರು. ರಮಾಯಿ ಓರಗಿತ್ತಿಯನ್ನು ಬೇರೆ ಒಲೆ ಹೂಡಲು ಬಿಡಲಿಲ್ಲ. ಮುಕುಂದ ಯಶವಂತನ ಜೊತೆ ಮನೆಯ ಮಗನಾಗಿಯೇ ಬೆಳೆದ.

ಆ ಕಷ್ಟದ ದಿನಗಳಲ್ಲಿ ರಮಾಯಿ ಸೆಗಣಿ ಆಯ್ದು ತಂದು, ಕುಳ್ಳು ತಟ್ಟಿ, ಮಾರಿ ಮನೆ ನಡೆಸಿದರು ಎಂಬುದು ನಮ್ಮ ಜನರ ನೆನಪಿನಲ್ಲಿ ಅಳಿಯದೆ ಉಳಿದಿದೆ. ವಿಲಾಯತಿಯಲ್ಲಿ ಓದುವವರ ಹೆಂಡತಿ ಸೆಗಣಿ ಆಯುತ್ತಾಳೆ ಎಂದು ಯಾರೂ ಆಡಿಕೊಳ್ಳಬಾರದು, ಅದರಿಂದ ಸಾಹೇಬರ ಮರ್ಯಾದೆಗೆ ಕುಂದು ಬರಬಾರದು ಎಂದು ಕತ್ತಲಾದ ಮೇಲೆ ಹೋಗುತ್ತಿದ್ದರಂತೆ. ರಮಾಯಿ ಗಂಡನನ್ನು ಸಾಹೇಬ ಎಂದೇ ಕರೆಯುತ್ತಿದ್ದರು. ಬಾಬಾಸಾಹೇಬರಿಗೆ ಅವರು ರಾಮು.

ನಮ್ಮ ಓಣಿಯಲ್ಲಿ ಕುಳ್ಳು ತಟ್ಟದ ಹೆಂಗಸರಿದ್ದರೇ? ನನ್ನ ಅವ್ವನ ಕೈಯಲ್ಲಿ ಆ ವಾಸನೆ ಸದಾ ಇರುತ್ತಿತ್ತು. ಶಾಲೆಗೆ ಹೋಗುವಾಗ ಅವಳು ನನ್ನ ತಲೆ ಬಾಚಿದರೆ ನಾನು ನಾಚಿಕೆಯಿಂದ ತಲೆ ಸರಿಸುತ್ತಿದ್ದೆ. ರಮಾಯಿಯ ಕಥೆ ಓದುವವರೆಗೂ ನಾನು ನಾಚಿದ್ದು ಯಾವ ಕೈಗೆ ಎಂದು ನನಗೆ ತಿಳಿದಿರಲಿಲ್ಲ.

*ನಾಲ್ಕು ಮಕ್ಕಳು*

ಈ ಭಾಗವನ್ನು ನಿಧಾನವಾಗಿ ಓದಿ.

ರಮಾಯಿ ಐದು ಮಕ್ಕಳನ್ನು ಹೆತ್ತರು. ಯಶವಂತ, ಗಂಗಾಧರ, ರಮೇಶ, ಇಂದು, ರಾಜರತ್ನ. ಉಳಿದದ್ದು ಯಶವಂತ ಒಬ್ಬನೇ, ಅವನೂ ಮೈಗೆ ನೆಟ್ಟಗಿಲ್ಲದ ಮಗು. ಉಳಿದ ನಾಲ್ವರು ಎಳೆಯ ವಯಸ್ಸಿನಲ್ಲೇ ಹೋದರು. ಆ ಚಾಳುಗಳಲ್ಲಿ ಔಷಧಿಗೆ ಹಣವಿಲ್ಲದೆ, ಸರಿಯಾದ ಆಹಾರವಿಲ್ಲದೆ ಮಕ್ಕಳು ಹೋಗುವುದು ಪ್ರತಿ ಮನೆಯ ಮಾತಾಗಿತ್ತು. ಗಂಗಾಧರ ತೀರಿಕೊಂಡಾಗ ಮೈಮೇಲೆ ಹೊದಿಸಲು ಹೊಸ ಬಟ್ಟೆ ತರುವುದಕ್ಕೂ ಹಣವಿರಲಿಲ್ಲ, ರಮಾಯಿ ಉಟ್ಟ ಸೀರೆಯ ಸೆರಗನ್ನೇ ಹರಿದು ಕೊಟ್ಟರು ಎಂದು ಹೇಳುತ್ತಾರೆ.

ಕೊನೆಯ ಮಗ ರಾಜರತ್ನ ಬಾಬಾಸಾಹೇಬರ ಮುದ್ದಿನ ಮಗ. 1926ರ ಜುಲೈನಲ್ಲಿ ಅವನೂ ಹೋದ. ಬಾಬಾಸಾಹೇಬರು ಆಗ ಗೆಳೆಯರೊಬ್ಬರಿಗೆ ಬರೆದ ಕಾಗದ ಉಳಿದಿದೆ. ನಾಲ್ಕು ಮಕ್ಕಳನ್ನು ಮಣ್ಣು ಮಾಡಿದ ತಂದೆ ತಾಯಿ ತಾವು, ಈ ಏಟಿನಿಂದ ಏಳುವುದು ಆಗುತ್ತಿಲ್ಲ, ಬದುಕಿಗೆ ರುಚಿಯೇ ಉಳಿದಿಲ್ಲ ಎನ್ನುವ ಅರ್ಥದ ಕಾಗದ ಅದು. ಲೋಕದ ಮುಂದೆ ಎಂದೂ ಬಾಗದ ಮನುಷ್ಯ ಹಾಗೆ ಬರೆದರು. ತಂದೆಯ ದುಃಖ ಕಾಗದದಲ್ಲಿ ಉಳಿಯಿತು. ತಾಯಿಯ ದುಃಖ ಎಲ್ಲೂ ಬರೆದಿಟ್ಟಿಲ್ಲ. ಅದು ಆಕೆಯ ದೇಹದಲ್ಲಿ ಉಳಿಯಿತು. ಆಮೇಲೆ ರಮಾಯಿಯ ಆರೋಗ್ಯ ಎಂದೂ ಪೂರ್ತಿ ಸುಧಾರಿಸಲಿಲ್ಲ.

ರಾಜರತ್ನ ಹೋಗಿ ಎಂಟು ತಿಂಗಳಿಗೆ, 1927ರ ಮಾರ್ಚ್ 20ರಂದು, ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದರು. ಆ ಕೆರೆಯ ನೀರು ಕುಡಿದ ಕಥೆ ಹೇಳುವಾಗ ಈ ಎಂಟು ತಿಂಗಳನ್ನು ನಾವು ಹೇಳುವುದೇ ಇಲ್ಲ.

ಕಿಸಾ ಗೋತಮಿಯ ಕಥೆ ನಮಗೆಲ್ಲ ಗೊತ್ತು. ಸತ್ತ ಕೂಸನ್ನು ಎತ್ತಿಕೊಂಡು ಔಷಧಿಗಾಗಿ ಮನೆ ಮನೆ ಅಲೆದ ತಾಯಿ. ಸಾವು ಕಾಣದ ಮನೆಯಿಂದ ಸಾಸಿವೆ ತಾ ಎಂದು ಬುದ್ಧರು ಕಳಿಸಿದರು. ಆ ಕಥೆಯನ್ನು ಬಾಬಾಸಾಹೇಬರು ತಮ್ಮ 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲಿ, ಬುದ್ಧರ ಕರುಣೆಯನ್ನು ಹೇಳುವ ಭಾಗದಲ್ಲಿ ಸೇರಿಸಿದ್ದಾರೆ. ನಾನು ಆ ಪುಟವನ್ನು ಎಷ್ಟೋ ಸಲ ಓದಿದ್ದೆ. ಅದನ್ನು ಬರೆದ ಕೈ ನಾಲ್ಕು ಮಕ್ಕಳನ್ನು ಮಣ್ಣಿಗಿಟ್ಟ ಕೈ ಎಂಬುದು ಮೊನ್ನೆ ರಾತ್ರಿ ಹೊಳೆಯಿತು. ಗೋತಮಿಗೆ ಬುದ್ಧರು ಸಿಕ್ಕರು. ರಮಾಯಿಗೆ ಆ ಸಾಂತ್ವನ ಹೇಳುವ ಧಮ್ಮ ಆಗ ಈ ನೆಲದಲ್ಲಿ ನಮ್ಮವರ ಪಾಲಿಗೆ ಇರಲಿಲ್ಲ. ಸಾಸಿವೆ ಕೇಳುವುದಕ್ಕೂ ಆಕೆಗೆ ಬಾಗಿಲುಗಳು ತೆರೆದಿರಲಿಲ್ಲ.

*ಪಂಢರಪುರ*

ಇಂಥ ತಾಯಿ ಉಪವಾಸ ಹಿಡಿದರೆ, ದೇವರ ಮುಂದೆ ಕೈಮುಗಿದರೆ, ನಾವು ಏನು ಹೇಳಬೇಕು?

ರಮಾಯಿಗೆ ಪಂಢರಪುರಕ್ಕೆ ಹೋಗಿ ವಿಠೋಬನನ್ನು ನೋಡುವ ಆಸೆ ಬಹಳ ಇತ್ತು. ಆದರೆ ಆ ಗುಡಿಯೊಳಗೆ ಅಸ್ಪೃಶ್ಯರಿಗೆ ಪ್ರವೇಶ ಇರಲಿಲ್ಲ. ಸಾನೆ ಗುರೂಜಿಯವರ ಉಪವಾಸದ ನಂತರ ಆ ಬಾಗಿಲು ತೆರೆದದ್ದು 1947ರಲ್ಲಿ, ರಮಾಯಿ ಹೋಗಿ 12 ವರ್ಷಕ್ಕೆ. ಅಲ್ಲಿಯವರೆಗೆ ನಮ್ಮವರು ಎಷ್ಟೇ ದೂರದಿಂದ ನಡೆದು ಬಂದರೂ ಹೊರಗೆ, ಸಂತ ಚೋಖಾಮೇಳನ ಸಮಾಧಿಯ ಹತ್ತಿರ ನಿಂತು ಕೈಮುಗಿದು ತಿರುಗಬೇಕಿತ್ತು.

ಬಾಬಾಸಾಹೇಬರು ರಮಾಯಿಗೆ ಏನು ಹೇಳಿದರು ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ನಮ್ಮನ್ನು ಹೊರಗೆ ನಿಲ್ಲಿಸುವ ಪಂಢರಪುರ ನಮಗೆ ಬೇಡ, ನಾವೇ ಬೇರೊಂದು ಪಂಢರಪುರ ಕಟ್ಟೋಣ ಎಂದು ಸಮಾಧಾನ ಹೇಳಿದರು. ಆಕೆಯ ಭಕ್ತಿಯನ್ನು ಗೇಲಿ ಮಾಡಲಿಲ್ಲ. ಕಾರಣ ಹೇಳಿದರು. ಜೊತೆಗೆ ಒಂದು ಮಾತು ಕೊಟ್ಟರು.

ಆ ಮಾತನ್ನು ಅವರು ಮರೆಯಲಿಲ್ಲ. 1954ರ ಡಿಸೆಂಬರ್ 25ರಂದು ಪುಣೆ ಹತ್ತಿರದ ದೇಹು ರೋಡಿನಲ್ಲಿ ಬುದ್ಧರ ಮೂರ್ತಿ ಸ್ಥಾಪಿಸಿದಾಗ ಪಂಢರಪುರದ ವಿಠೋಬ ಮೂಲದಲ್ಲಿ ಬುದ್ಧನೇ ಎಂಬ ತಮ್ಮ ವಿಚಾರವನ್ನು ಜನರ ಮುಂದೆ ಇಟ್ಟರು. ಹೆಂಡತಿ ಹೋಗಿ 19 ವರ್ಷವಾದರೂ ಪಂಢರಪುರ ಅವರ ಮನಸ್ಸಿನಿಂದ ಹೋಗಿರಲಿಲ್ಲ. ಇನ್ನೆರಡು ವರ್ಷಕ್ಕೆ, 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ ಲಕ್ಷ ಲಕ್ಷ ಜನ ಬಿಳಿ ಬಟ್ಟೆ ಉಟ್ಟು ಸೇರಿದರು. ಯಾರನ್ನೂ ಹೊರಗೆ ನಿಲ್ಲಿಸದ ಜಾಗ ಅದು. ರಮಾಯಿಗೆ ಕೊಟ್ಟ ಮಾತು ಅಲ್ಲಿ ಈಡೇರಿತು ಎಂದು ನಾನು ನಂಬುತ್ತೇನೆ.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ನಮ್ಮ ಮನೆಯವರು ದೀಕ್ಷೆ ತೆಗೆದುಕೊಂಡ ಮೇಲೆ ಗೋಡೆಯ ದೇವರ ಪಟಗಳನ್ನೆಲ್ಲ ನಾನೇ ಇಳಿಸಿದೆ. ನಮ್ಮವ್ವ ಏನೂ ಅನ್ನಲಿಲ್ಲ, ತ್ರಿಶರಣ ಕಲಿತಳು, ಉಪೋಸಥದ ದಿನ ಬಿಳಿ ಸೀರೆ ಉಟ್ಟಳು. ಒಂದು ದಿನ ಅವಳ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಬಟ್ಟೆ ಸುತ್ತಿಟ್ಟ ಸಣ್ಣ ವಿಠೋಬನ ಪಟ ಸಿಕ್ಕಿತು. ಅವಳು ಮದುವೆಗೆ ಮುಂಚೆ ಅವರಪ್ಪನ ಜೊತೆ ಆಷಾಢದ ವಾರಿಗೆ ನಡೆದು ಹೋದಾಗ ತಂದದ್ದು. ಬಂದ ನೆಂಟರ ಎದುರಿಗೇ ನಾನು ಅವಳನ್ನು ಬೈದೆ. 22 ಪ್ರತಿಜ್ಞೆ ನೆನಪಿಸಿದೆ. ಅವ್ವ ತಲೆ ತಗ್ಗಿಸಿ ಕೇಳಿದಳು. ಮರುದಿನ ಎಂದಿನಂತೆ ರೊಟ್ಟಿ ಬಡಿದು ನನ್ನ ಬುತ್ತಿ ಕಟ್ಟಿದಳು. ಆ ಪಟ ಏನಾಯಿತೋ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಪ್ರತಿಜ್ಞೆ ತಪ್ಪಲ್ಲ. ಅದನ್ನು ಹಿಡಿದು ಅವ್ವನನ್ನು ಹೊಡೆದದ್ದು ತಪ್ಪು. ಅವಳಿಗೆ ಅದು ದೇವರಿಗಿಂತ ಹೆಚ್ಚಾಗಿ ಸತ್ತ ಅಪ್ಪನ ನೆನಪಾಗಿರಬಹುದು ಎಂದು ಅವಳು ಹೋದ ಮೇಲೆ ಹೊಳೆಯಿತು. ಬಾಬಾಸಾಹೇಬರು ರಮಾಯಿಗೆ ಕಾರಣ ಹೇಳಿದರು, ದಾರಿ ಕಟ್ಟಿದರು. ನಾನು ಕಾರಣವನ್ನೂ ಹೇಳಲಿಲ್ಲ, ದಾರಿಯನ್ನೂ ಕಟ್ಟಲಿಲ್ಲ, ಬರೀ ಕಿತ್ತುಕೊಂಡೆ.

*ಧಾರವಾಡದ ಬಳೆಗಳು*

ರಮಾಯಿಯ ಬದುಕಿನ ಒಂದು ಘಟನೆ ನಮ್ಮ ನೆಲದಲ್ಲೇ ನಡೆದದ್ದು. ಧಾರವಾಡ ಆಗ ಮುಂಬಯಿ ಪ್ರಾಂತದಲ್ಲಿತ್ತು. ನಮ್ಮ ಮಕ್ಕಳ ಓದಿಗಾಗಿ ಬಾಬಾಸಾಹೇಬರ ಪ್ರಯತ್ನದಿಂದ ನಡೆದ ವಿದ್ಯಾರ್ಥಿ ನಿಲಯಗಳಲ್ಲಿ ಒಂದು ಅಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಬಾಬಾಸಾಹೇಬರ ಆಪ್ತರಾದ ಬಳವಂತರಾವ್ ವರಾಳೆ. ಬಾಬಾಸಾಹೇಬರು ಪರದೇಶದಲ್ಲಿದ್ದಾಗ ರಮಾಯಿ ಹವೆ ಬದಲಾಗಲೆಂದು ಕೆಲವು ದಿನ ವರಾಳೆಯವರ ಮನೆಯಲ್ಲಿ ಬಂದು ಇದ್ದರು.

ಬೋರ್ಡಿಂಗಿನ ಮಕ್ಕಳು ದಿನಾ ಅಂಗಳದಲ್ಲಿ ಆಡುವುದನ್ನು ರಮಾಯಿ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಎರಡು ದಿನ ಅಂಗಳ ಬಿಕೋ ಎಂದಿತು. ಮಕ್ಕಳು ಎಲ್ಲಿ ಎಂದು ವಿಚಾರಿಸಿದರು. ಸರ್ಕಾರದ ಹಣ ಬಂದಿಲ್ಲ, ದಿನಸಿ ಮುಗಿದಿದೆ, ಮಕ್ಕಳು ಹಸಿದು ಒಳಗೆ ಮಲಗಿದ್ದಾರೆ ಎಂದು ಗೊತ್ತಾಯಿತು. ರಮಾಯಿ ಒಳಗೆ ಹೋದರು. ತಮ್ಮ ಬಂಗಾರದ ಬಳೆಗಳನ್ನು ತಂದು ವರಾಳೆಯವರ ಕೈಗಿಟ್ಟರು. ಮಾರಿಯಾದರೂ ಸರಿ, ಒತ್ತೆ ಇಟ್ಟಾದರೂ ಸರಿ, ಮೊದಲು ಮಕ್ಕಳಿಗೆ ಊಟ ಎಂದರು. ಅಂದು ಒಲೆ ಹೊತ್ತಿತು. ಮಕ್ಕಳು ಉಂಡು ಮತ್ತೆ ಅಂಗಳಕ್ಕೆ ಬಂದರು. ಆ ಮಕ್ಕಳು ಅವರನ್ನು ರಮಾ ಆಯಿ ಎಂದು ಕರೆಯತೊಡಗಿದರು. ಆಯಿ ಎಂದರೆ ತಾಯಿ. ಇಂದು ನಾವೆಲ್ಲ ರಮಾಯಿ ಎನ್ನುವುದರ ಹಿಂದೆ ಧಾರವಾಡದ ಆ ಹಸಿದ ಮಕ್ಕಳ ದನಿಯೂ ಇದೆ.

ನಾಲ್ಕು ಮಕ್ಕಳಿಗೆ ಔಷಧಿ ಕೊಡಿಸಲು ಆಗದಿದ್ದ ತಾಯಿ, ಯಾರದೋ ಮಕ್ಕಳ ಎರಡು ದಿನದ ಹಸಿವಿಗೆ ಕೈಯ ಬಳೆ ಬಿಚ್ಚಿಕೊಟ್ಟರು. ತನ್ನ ಪಾಲಿಗೆ ಬರದೇ ಹೋದದ್ದನ್ನು ಪರರ ಮಕ್ಕಳಿಗೆ ಕೊಡುವಾಗ ಆಕೆಯ ಕೈ ನಡುಗಲಿಲ್ಲ. ದಾನ ಪಾರಮಿತೆಗೆ ನಾವು ಇದಕ್ಕಿಂತ ಯಾವ ಉದಾಹರಣೆ ಹುಡುಕಬೇಕು? ಹೆಚ್ಚಾದದ್ದನ್ನು ಎತ್ತಿ ಕೊಡುವುದು ಸುಲಭ. ಕೈಯಲ್ಲಿದ್ದ ಕೊನೆಯದನ್ನು, ಹೆಸರು ಬಯಸದೆ, ಲೆಕ್ಕ ಇಡದೆ ಕೊಡುವುದು ದಾನ.

*ರಾಜಗೃಹ*

ಬಾಬಾಸಾಹೇಬರು ದಾದರಿನ ಹಿಂದೂ ಕಾಲನಿಯಲ್ಲಿ ಮನೆ ಕಟ್ಟಿಸಿ ಅದಕ್ಕೆ ರಾಜಗೃಹ ಎಂದು ಹೆಸರಿಟ್ಟರು. ಬುದ್ಧರ ಕಾಲದ ಮಗಧದ ರಾಜಧಾನಿಯ ಹೆಸರು ಅದು. ದೀಕ್ಷೆ ಇನ್ನೂ 20 ವರ್ಷಕ್ಕಿಂತ ದೂರವಿತ್ತು, ಮನೆಯ ಹೆಸರಿನಲ್ಲಿ ಮಾತ್ರ ಬುದ್ಧರ ದಾರಿ ಕಾಣಿಸಿಕೊಂಡಿತ್ತು. ಮಹಡಿಯ ತುಂಬ ಪುಸ್ತಕಗಳು. ಎರಡು ಖೋಲಿಯ ಚಾಳಿನಲ್ಲಿ ಇಪ್ಪತ್ತು ವರ್ಷ ಕಳೆದ ರಮಾಯಿಗೆ ಆ ದೊಡ್ಡ ಮನೆಯಲ್ಲಿ ಸಿಕ್ಕದ್ದು ಒಂದೆರಡು ವರ್ಷ, ಅದೂ ಹೆಚ್ಚಾಗಿ ಹಾಸಿಗೆಯಲ್ಲೇ.

1935ರ ಮೇ 27ರಂದು ರಮಾಯಿ ಹೋದಾಗ ಬಾಬಾಸಾಹೇಬರು ಹತ್ತಿರವೇ ಇದ್ದರು. ಅಂತಿಮ ಯಾತ್ರೆಗೆ ಸಾವಿರಾರು ಜನ ಸೇರಿದರು. ಬಾಬಾಸಾಹೇಬರು ಮಗ ಯಶವಂತನ ಜೊತೆ ನಡೆದು ಹೋದರು. ತಿರುಗಿ ಬಂದು ಕೋಣೆ ಸೇರಿ ಮಗುವಿನಂತೆ ಅತ್ತರು. ತಲೆ ಬೋಳಿಸಿಕೊಂಡು ಹಲವು ದಿನ ವಿರಕ್ತರಂತೆ ಇದ್ದರು. ನಾಲ್ಕೂವರೆ ತಿಂಗಳಿಗೆ, ಅಕ್ಟೋಬರ್ 13ರಂದು, ಯೇವಲಾದಲ್ಲಿ ನಿಂತು ತಾವು ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು.

1940ರಲ್ಲಿ ಪ್ರಕಟವಾದ ಪಾಕಿಸ್ತಾನವನ್ನು ಕುರಿತ ತಮ್ಮ ಗ್ರಂಥವನ್ನು ಅವರು ರಾಮುವಿನ ನೆನಪಿಗೆ ಅರ್ಪಿಸಿದರು. ಆಕೆಯ ಒಳ್ಳೆಯ ಹೃದಯ, ಉದಾತ್ತ ಮನಸ್ಸು, ಶುದ್ಧ ನಡತೆ, ಕೇಳುವವರಿಲ್ಲದ ಕೊರತೆಯ ದಿನಗಳಲ್ಲಿ ತಮ್ಮ ಜೊತೆ ಕಷ್ಟಪಟ್ಟ ಆಕೆಯ ಧೈರ್ಯ, ಇದನ್ನೆಲ್ಲ ಅಲ್ಲಿ ನೆನೆದಿದ್ದಾರೆ. ತಮ್ಮ ಸಾಲವನ್ನು ಲೋಕದ ಮುಂದೆ ಒಪ್ಪಿಕೊಂಡದ್ದು ಅದು. ಉಳಿದ ಒಬ್ಬನೇ ಮಗ ಯಶವಂತರು, ನಮ್ಮ ಭೈಯಾಸಾಹೇಬರು, ತಂದೆಯ ನಂತರ ಭಾರತೀಯ ಬೌದ್ಧ ಮಹಾಸಭೆಯ ಹೊಣೆ ಹೊತ್ತು ಧಮ್ಮದ ರಥ ಎಳೆದರು.

*ಆ ಹುಡುಗಿಯ ಪ್ರಶ್ನೆಗೆ*

ಈಗ ನನ್ನ ಉತ್ತರ ಹೇಳುತ್ತೇನೆ.

ತಂಗಿ, ರಮಾಯಿ ದೀಕ್ಷೆ ಪಡೆಯಲಿಲ್ಲ ಎಂಬುದು ನಿಜ. ಅದನ್ನು ಮುಚ್ಚಿಟ್ಟು ಆಕೆಯನ್ನು ಬೌದ್ಧಳೆಂದು ಸಾಧಿಸುವುದು ಬೇಡ, ಅದು ಸತ್ಯಕ್ಕೆ ದೂರ. ಆದರೆ ಶೀಲ, ದಾನ, ಖಂತಿ, ಮೈತ್ರಿ ಇವು ಹುಟ್ಟುವುದು ನಡತೆಯಲ್ಲಿ. ಓರಗಿತ್ತಿಯನ್ನು ಬೇರೆ ಮಾಡದ ಒಲೆಯಲ್ಲಿ ಮೈತ್ರಿ ಇತ್ತು. ಧಾರವಾಡದ ಬಳೆಗಳಲ್ಲಿ ದಾನ ಇತ್ತು. ನಾವು ದೀಕ್ಷೆ ಪಡೆದು, ಆಮೇಲೆ ಇವುಗಳನ್ನು ಕಲಿಯಲು ಹೆಣಗುತ್ತಿದ್ದೇವೆ. ಆಕೆಗೆ ನಡತೆ ಇತ್ತು, ದೀಕ್ಷೆಯ ದಿನ ಬರುವವರೆಗೆ ಆಯುಷ್ಯ ಇರಲಿಲ್ಲ.

ಇನ್ನೊಂದು ಮಾತನ್ನು ನಮ್ಮಂಥ ಗಂಡಸರಿಗೆ ಹೇಳಬೇಕು. ರಮಾಯಿಯ ತ್ಯಾಗವನ್ನು ಹೊಗಳುವುದರಲ್ಲಿ ಒಂದು ಅಪಾಯವಿದೆ. ಹೊಗಳಿ ಹೊಗಳಿ, ಹೆಂಗಸು ಎಂದರೆ ಹೀಗೇ ಸುಮ್ಮನೆ ಸಹಿಸಬೇಕು ಎಂದು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಹೇಳಿಕೊಟ್ಟಂತೆ ಆಗುತ್ತದೆ. ಬಾಬಾಸಾಹೇಬರು ಹಾಗೆ ಮಾಡಲಿಲ್ಲ. ರಾಜರತ್ನ ಹೋಗಿ ಎರಡು ವರ್ಷಕ್ಕೆ, 1928ರಲ್ಲಿ, ಮುಂಬಯಿ ವಿಧಾನ ಪರಿಷತ್ತಿನಲ್ಲಿ ಕಾರ್ಖಾನೆಯ ಹೆಂಗಸರಿಗೆ ಹೆರಿಗೆ ಸೌಲಭ್ಯ ಕೊಡುವ ಮಸೂದೆಯನ್ನು ಬೆಂಬಲಿಸಿ ಮಾತಾಡಿದರು. 1938ರಲ್ಲಿ ಅವರ ಪಕ್ಷದ ಕಡೆಯಿಂದ ಸಂತಾನ ನಿಯಂತ್ರಣದ ಪರವಾಗಿ ಗೊತ್ತುವಳಿ ಬಂತು. ಹೆಣ್ಣಿಗೆ ಆಸ್ತಿಯ ಹಕ್ಕು, ವಿಚ್ಛೇದನದ ಹಕ್ಕು ಕೊಡುವ ಹಿಂದೂ ಕೋಡ್ ಬಿಲ್ಲಿಗಾಗಿ ಹೋರಾಡಿ, ಅದು ನಡೆಯದಾದಾಗ 1951ರಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟರು. ಪರೇಲಿನ ಖೋಲಿಯಲ್ಲಿ ಕಂಡದ್ದು ಆ ಭಾಷಣಗಳ ಹಿಂದೆ ಇತ್ತು ಎಂದು ಅವರು ಹೇಳಿದ್ದನ್ನು ನಾನು ಓದಿಲ್ಲ. ಆದರೆ ರಮಾಯಿಯ ಬದುಕನ್ನು ಪಕ್ಕದಲ್ಲಿಟ್ಟು ಓದಿದಾಗ ಆ ಭಾಷಣಗಳು ನನಗೆ ಬೇರೆಯಾಗಿಯೇ ಕೇಳಿಸುತ್ತವೆ. ಆಕೆ ಪಟ್ಟ ಪಾಡು ಇನ್ನೊಬ್ಬ ಹೆಣ್ಣಿಗೆ ಬರಬಾರದು ಎಂಬುದೇ ಆಕೆಗೆ ಸಲ್ಲಿಸುವ ನಿಜವಾದ ವಂದನೆ.

ನಮ್ಮ ವಿಹಾರಗಳಲ್ಲಿ ವೇದಿಕೆ ಮೇಲೆ ಮಾತಾಡುವವರು ಯಾರು, ಹಿಂದೆ ಪಾತ್ರೆ ತಿಕ್ಕುವವರು ಯಾರು, ನೋಡಿಕೊಳ್ಳಿ. ರಮಾಯಿ ಜಯಂತಿಯ ದಿನವೂ ರಮಾಯಿಯರು ಅಡುಗೆ ಮನೆಯಲ್ಲೇ ಇದ್ದರೆ ನಾವು ದೀಪ ಹಚ್ಚಿದ್ದು ಯಾರಿಗೆ?

ನನ್ನ ಅವ್ವನ ಟ್ರಂಕು ಈಗ ನನ್ನ ಕೋಣೆಯಲ್ಲಿದೆ. ಅವಳಿಗೆ ಕ್ಷಮೆ ಕೇಳುವ ಹೊತ್ತು ಮುಗಿದಿದೆ. ನಿಮ್ಮಲ್ಲಿ ಅನೇಕರಿಗೆ ಇನ್ನೂ ಮುಗಿದಿಲ್ಲ.

*ಇಂದಿನ ಅಭ್ಯಾಸ*

1. ಇಂದು ಸಂಜೆ ಹತ್ತು ನಿಮಿಷ ನಿಮ್ಮ ತಾಯಿಯ ಹತ್ತಿರ, ಅತ್ತೆಯ ಹತ್ತಿರ ಅಥವಾ ಹೆಂಡತಿಯ ಹತ್ತಿರ ಕುಳಿತು, ಅವರು ಯಾವುದನ್ನು ಬಿಟ್ಟುಕೊಟ್ಟರು ಎಂದು ಕೇಳಿ. ಉಪದೇಶ ಮಾಡಬೇಡಿ, ಕೇಳಿಸಿಕೊಳ್ಳಿ.

2. ಮನೆಯ ಹಿರಿಯರಲ್ಲಿ ಹಳೆಯ ನಂಬಿಕೆ ಉಳಿದಿದ್ದರೆ ಬೈಯಬೇಡಿ. ಕಾರಣ ಹೇಳಿ, ವಂದನೆಗೆ ಕೈಹಿಡಿದು ಕರೆದುಕೊಂಡು ಬನ್ನಿ.

3. ನಿಮ್ಮ ಊರಿನ ಹಾಸ್ಟೆಲಿನ ಒಂದು ಮಗುವಿಗೆ ಈ ತಿಂಗಳು ಏನು ಬೇಕು ಎಂದು ವಿಚಾರಿಸಿ, ಕೈಲಾದದ್ದು ಮಾಡಿ. ಹೆಸರು ಹಾಕಬೇಡಿ, ಫೋಟೋ ಹಾಕಬೇಡಿ.

ತಾಯಿ ರಮಾಯಿಯ ಸ್ಮೃತಿಗೆ ವಿನಮ್ರ ವಂದನೆ. ಎಲ್ಲ ತಾಯಂದಿರಿಗೂ ಮಂಗಳವಾಗಲಿ.

ಸಾಧು, ಸಾಧು, ಸಾಧು.

ನಮೋ ಬುದ್ಧಾಯ. ಜೈ ಭೀಮ್. ಜೈ ರಮಾಯಿ. 🙏